ಕಂಬಳಿಯೊಳಗಿನ ಹದ

"ಭೀಮಣ್ಣ, ನಮ್ಮ ಸಾಲಿ ಮೆಟ್ಟಿಲಕ್ಕ ಹಾಕಿದ ಕಲ್ಲು ಅದಾವಲ್ಲ, ಅವಾದ್ರೂ ಎರಡು ಅಕ್ಷರ ಕಲ್ತಿರಬೇಕು, ನಿನ್ನ ಮಗ ಕಲೀಲಿಲ್ಲ. ಕಲ್ಲಿನ ಜೋಡಿ ಕಲ್ಲು ಬಿಡು, ಛಲೋ ಸಂಸಾರ ಮಾಡ್ತಾವು!"

ಹುಟ್ಟಿದ ಗಳಿಗೆಯಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಅಂದವರು ಊರ ಸಾಲಿಯ ಹೆಡ್ ಮಾಸ್ತರರು. ಕುರ್ಚಿಯ ಮುರಿದ ಕಾಲು ಹಿಡಿದುಕೊಂಡು ಮೌನೇಶ ಕಮ್ಮಾರನ ಕುಲುಮೆಗೆ ಬಂದಿದ್ದರು. ಕುಡಗೋಲು ತಟ್ಟಿಸಲು ಬಂದ ಏಳೆಂಟು ಜನ ಅಲ್ಲೇ ಕೂತಿದ್ದರು. ಎಲ್ಲರೂ ನಕ್ಕರು. ಕಲ್ಲು ಒಡೆಯುವ ಭೀಮಣ್ಣನೂ ನಕ್ಕ, ನಗದಿದ್ದರೆ ದೊಡ್ಡವರಿಗೆ ಬೇಜಾರಾದೀತೆಂದು ಬಡವರು ನಗುತ್ತಾರಲ್ಲ, ಹಾಗೆ. ಅವನ ಮಗ ಯಂಕಪ್ಪ ಮಾತ್ರ ನಗಲಿಲ್ಲ. ಆಗ ಅವನಿಗೆ ಹನ್ನೆರಡು. ಕಮ್ಮಾರನಿಗೆ ತಿದಿ ಒತ್ತುತ್ತಿದ್ದ. ಸಿಟ್ಟಿಗೆ ಎಂಥಾ ಜೋರು ಒತ್ತಿದನೆಂದರೆ ಕಿಡಿ ಹಾರಿ ಮಾಸ್ತರರ ಧೋತರಕ್ಕೆ ತೂತು ಬಿತ್ತು.

ನಾನು ಒಂದು ಚಾಣ. ಕಲ್ಲು ಕೆತ್ತುವ ಚಾಣ. ಅದಕ್ಕೂ ಮೊದಲು ಯಾವುದೋ ಲಾರಿಯ ಎಕ್ಸೆಲ್ ಆಗಿದ್ದೆನಂತೆ. ಆ ಜನ್ಮ ನನಗೆ ನೆನಪಿಲ್ಲ. ನೆನಪಿರುವುದು ಬೆಂಕಿ, ಮೌನೇಶನ ಸುತ್ತಿಗೆ, ಆ ನಗು. ಬೆಂಕಿಯಲ್ಲಿ ಹುಟ್ಟಿದವನಿಗೆ ಸಿಟ್ಟು ಇರದೆ ತಂಪು ಇರುತ್ತದೆಯೇ? ಹುಟ್ಟಿದಾಗ ಒಂದೂವರೆ ಗೇಣು ಉದ್ದವಿದ್ದೆ. ಮನುಷ್ಯರ ವಯಸ್ಸನ್ನು ವರ್ಷದಲ್ಲಿ ಎಣಿಸುತ್ತಾರೆ, ನಮ್ಮದನ್ನು ಬೆರಳಿನಲ್ಲಿ. ಮೊನೆ ಮೊಂಡಾದಾಗಲೆಲ್ಲ ಕಾಸಿ ಬಡಿಯಬೇಕು, ಬಡಿದಾಗಲೆಲ್ಲ ಒಂದಿಷ್ಟು ಗಿಡ್ಡವಾಗಬೇಕು. ಕೆಲಸ ಮಾಡಿದಷ್ಟೂ ಕಡಿಮೆಯಾಗುವ ಜಾತಿ ನಮ್ಮದು.

"ಪೆನ್ನಂತೂ ಕಳಕೊಂಡಿ, ಇದನ್ನರೆ ಕಳೀಬ್ಯಾಡ" ಎಂದು ಭೀಮಣ್ಣ ನನ್ನನ್ನು ಮಗನ ಕೈಗಿಟ್ಟ. ಮಾರನೆಯ ದಿನದಿಂದ ಯಂಕಪ್ಪ ಸಾಲಿಯ ಕಡೆ ತಲೆ ಹಾಕಲಿಲ್ಲ.

ಕುಷ್ಟಗಿಯ ಹೊರಗಿನ ಕ್ವಾರಿಯಲ್ಲಿ ಹನ್ನೆರಡು ವರ್ಷ ದುಡಿದೆವು. ಅವನ ಅವ್ವ ದುರ್ಗವ್ವ ಆಚೆ ದಂಡೆಯಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದಳು. ಒರಟು ಕೆಲಸಕ್ಕೆ ಅವನ ಹತ್ತಿರ ಬೇರೆ ಚಾಣಗಳಿದ್ದವು. ಅಂಚು ತಿದ್ದಲು, ಗೆರೆ ಹಿಡಿಯಲು ಮಾತ್ರ ನಾನು. ಆದ್ದರಿಂದಲೇ ಇಷ್ಟು ಕಾಲ ಬದುಕಿದೆ. ಅವನ ಕೈ ಹೇಗಿತ್ತೆಂದರೆ, ಎರಡು ಕಲ್ಲು ಜೋಡಿಸಿಟ್ಟರೆ ನಡುವೆ ಇರುವೆಗೂ ದಾರಿ ಇರುತ್ತಿರಲಿಲ್ಲ. ಹಾಗಂತ ಹೊಗಳಿದವರು ಯಾರು? ಯಾರೂ ಇಲ್ಲ. "ಏ ಒಡ್ಡರ ಹುಡುಗಾ, ಇತ್ತ ಬಾರಲೇ" ಎಂದು ಕರೆಯುತ್ತಿದ್ದರು. ಅವನ ಹೆಸರು ಅಷ್ಟೇ ಇತ್ತು.

ಅವನಿಗೆ ಹತ್ತೊಂಬತ್ತು ತುಂಬಿದಾಗ ಭೀಮಣ್ಣ ಹದ ಕಲಿಸಿದ. ಕಮ್ಮಾರ ಚಾಣ ಬಡಿದು ಕೊಡುತ್ತಿದ್ದ, ಕಲ್ಲಿಗೆ ತಕ್ಕ ಹದ ಹಾಕುತ್ತಿದ್ದವನು ಭೀಮಣ್ಣನೇ. ಹದವೆಂದರೆ ಏನೆಂದು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಥೆಯೆಲ್ಲ ಅದರ ಮೇಲೇ ನಿಂತಿದೆ. ಚಾಣವನ್ನು ಇದ್ದಿಲಲ್ಲಿ ಕೆಂಪಗೆ ಕಾಸಿ, ಮೊನೆಯನ್ನು ಒಂದು ಬೆರಳಷ್ಟು ನೀರಿಗೆ ಅದ್ದಿ ತೆಗೆಯಬೇಕು. ಹಿಂದಿನ ಬಿಸಿ ಮೊನೆಯ ಕಡೆ ಹರಿದು ಬರುತ್ತದೆ, ಬಣ್ಣಗಳೂ ಹರಿದು ಬರುತ್ತವೆ. ಮೊದಲು ಒಣಗಿದ ಜೋಳದ ದಂಟಿನ ಬಣ್ಣ. ಆಗಲೇ ಪೂರ್ತಿ ಮುಳುಗಿಸಿದರೆ ಮೊನೆ ಗಾಜಿನ ಹಾಗೆ ಒಡೆಯುತ್ತದೆ. ಕೊನೆಗೆ ನೀಲಿ. ಅಲ್ಲಿಯವರೆಗೆ ಬಿಟ್ಟರೆ ಮೊನೆ ಮೆತ್ತಗಾಗಿ ಮಡಚುತ್ತದೆ. ನಡುವೆ ಎರಡು ಉಸಿರಿನಷ್ಟು ಹೊತ್ತು ಬೆಲ್ಲದ ಬಣ್ಣ ಬರುತ್ತದೆ. ಅದೇ ಹದ. ಆಗ ಮುಳುಗಿಸಬೇಕು.

"ಕಲ್ಲು ಒಡೆಯೂದು ಊರಿಗೆಲ್ಲ ಕಲಸು" ಎಂದಿದ್ದ ಭೀಮಣ್ಣ. "ಹದ ಮಾತ್ರ ಮನಿ ದಾಟಬಾರದು. ಮಗಗ, ಅಳಿಯಗ, ಅಷ್ಟ. ಹದ ಹೊರಗ ಹೋತಂದ್ರ ನಮ್ಮನ್ಯಾರೂ ಕರೆಯಂಗಿಲ್ಲ."

ಮುಂದೆ ಒಂದು ದಿನ ಗ್ರಾನೈಟ್ ಕಂಪನಿಯ ನಿರಂಜನ ಸರ್ ಕ್ವಾರಿಗೆ ಬಂದರು. ಯಂಕಪ್ಪ ಅಂಚು ತಿದ್ದುವುದನ್ನು ಅರ್ಧ ತಾಸು ನೋಡಿ, "ತಾಂಜಾನಿಯಾಕ್ಕ ಬರ್ತಿ? ಒಂದು ವರ್ಷ. ಅಲ್ಲಿಯವರಿಗೆ ಕಲ್ಲಿನ ಕೆಲಸ ಕಲಸಬೇಕು" ಎಂದರು.

"ಕಲಸೂದಂದ್ರ ಏನ್ ಮಾಡಬೇಕ್ರಿ?"

"ಇಲ್ಲಿ ಮಾಡಿದ್ದನ್ನ ಅಲ್ಲಿ ಮಾಡು. ಇಪ್ಪತ್ತು ಮಂದಿ ನೋಡ್ತಾರ."

ಕರಿ ಕಂಬಳಿಯಲ್ಲಿ ಸುತ್ತಿಕೊಂಡು, ಜೋಳದ ರೊಟ್ಟಿಯ ಗಂಟಿನ ಪಕ್ಕ ಮಲಗಿ, ವಿಮಾನದ ಹೊಟ್ಟೆಯಲ್ಲಿ ನಾನೂ ಹೋದೆ. ಮ್ವಾಂಜಾ ಎಂಬ ಊರು. ಒಂದು ಕಡೆ ಸಮುದ್ರದಂಥ ಕೆರೆ, ಇನ್ನೊಂದು ಕಡೆ ಗುಡ್ಡದ ತುಂಬ ಬಂಡೆಗಳು, ಒಂದರ ಮೇಲೊಂದು ಯಾರೋ ಆಟಕ್ಕೆ ಪೇರಿಸಿಟ್ಟ ಹಾಗೆ. "ಇಂಥಲ್ಲಿ ಹುಟ್ಟಬೇಕಿತ್ತಲೇ ನಾವು" ಅಂದ ಯಂಕಪ್ಪ ನನಗೆ. ನನಗೆ ಆ ಬಂಡೆಗಳನ್ನು ನೋಡಿಯೇ ಸುಸ್ತಾಗಿತ್ತು.

ಇಪ್ಪತ್ತು ಜನ ಕಲಿಯುವವರು ಸಾಲಾಗಿ ನಿಂತಿದ್ದರು. ಅವರಲ್ಲಿ ಕಬೂಲಾ ಎಂಬ ಹೆಂಗಸು, ನಲವತ್ತು ದಾಟಿದವಳು, ಹದಿನೈದು ವರ್ಷ ರಸ್ತೆ ಬದಿಗೆ ಕೂತು ಜಲ್ಲಿ ಒಡೆದವಳು. ಅಲ್ಲಿ ಅಂಥವರನ್ನು 'ಮಾಮಾ' ಅನ್ನುತ್ತಾರೆ, ನಾವು ಅವ್ವ ಅಂದ ಹಾಗೆ. ಅವಳು ಬಗ್ಗಿ, "ಮ್ವಾಲಿಮು" ಎಂದಳು. ಮೇಸ್ಟ್ರೇ ಎಂದರ್ಥ. ಯಂಕಪ್ಪ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಮೊದಲ ತಿಂಗಳು ಮರ್ಯಾದೆ ಹೋಯಿತು. ಕಂಪನಿಯವರು ಕುಲುಮೆಯನ್ನು ಬಟಾಬಯಲಲ್ಲಿ ಹಾಕಿಸಿದ್ದರು. ನಮ್ಮೂರಲ್ಲಿ ಕುಲುಮೆ ಕತ್ತಲ ಗುಡಿಸಲಲ್ಲಿರುತ್ತದೆ. ಯಾಕೆ ಅಂತ ಯಂಕಪ್ಪ ಯಾವತ್ತೂ ಯೋಚಿಸಿರಲಿಲ್ಲ. ಆ ಬಿಸಿಲಿಗೆ ಕಾದ ಉಕ್ಕಿನ ಕೆಂಪು ಕಣ್ಣಿಗೆ ಕಾಣಲಿಲ್ಲ, ಹೆಚ್ಚು ಕಾಸಿದ. ಬೆಲ್ಲದ ಬಣ್ಣ ಕಾಣಲೇ ಇಲ್ಲ. ಅವನು ಹದ ಹಾಕಿದ ಚಾಣಗಳ ಮೊನೆಗಳು ಪಟಪಟ ಉದುರಿದವು. ಜನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೂರನೆಯ ವಾರ ಅವನಿಗೆ ಹೊಳೆಯಿತು. ನಾಲ್ಕು ಗೂಟ ಹುಗಿದು ಕುಲುಮೆಯ ಮೇಲೂ ಸುತ್ತಲೂ ಕಂಬಳಿ ಕಟ್ಟಿದ. ಒಳಗೆ ಕತ್ತಲಾಯಿತು, ಬಣ್ಣ ಕಂಡಿತು. ಮಾರನೆಯ ದಿನದಿಂದ ಒಂದು ಮೊನೆಯೂ ಮುರಿಯಲಿಲ್ಲ.

ಬಣ್ಣ ನೋಡಲು ಕಟ್ಟಿದ ಕಂಬಳಿ ಅದು. ಜನ ತಿಳಿದದ್ದು ಬೇರೆ. ಮೇಸ್ಟ್ರು ಏನೋ ಮುಚ್ಚಿಡುತ್ತಾರೆ ಅಂದುಕೊಂಡರು. ಮಸಾಂಜಾ ಎಂಬ ಕುಚೋದ್ಯದವನೊಬ್ಬ, "ಒಳಗೆ ಎರಡನೇ ಹೆಂಡತಿ ಇದ್ದಾಳೆ, ದಿನಾ ಬೆಳಿಗ್ಗೆ ಅವಳ ಹತ್ತಿರ ಬೈಸಿಕೊಂಡು ಬರುತ್ತಾರೆ, ಅದಕ್ಕೇ ಮುಖ ಕೆಂಪು" ಎನ್ನುತ್ತಿದ್ದ. ಯಂಕಪ್ಪ ಅದನ್ನು ತಿದ್ದಲಿಲ್ಲ. ಅಪ್ಪನ ಮಾತೂ ಉಳಿಯಿತಲ್ಲ. ದಿನಾ ಬೆಳಿಗ್ಗೆ ಎಲ್ಲರ ಚಾಣ ತೆಗೆದುಕೊಂಡು ಒಬ್ಬನೇ ಒಳಗೆ ಹೋಗುತ್ತಿದ್ದ, ಮೊನೆ ಹಾಕಿ ಹೊರಗೆ ಕೊಡುತ್ತಿದ್ದ.

ಹನ್ನೊಂದನೆಯ ತಿಂಗಳು ಬರುವ ಹೊತ್ತಿಗೆ ನಾವಿಬ್ಬರೂ ಬಸವಳಿದಿದ್ದೆವು. ಒಂದೇ ಮಾತನ್ನು ಇಪ್ಪತ್ತು ಸಲ, ಅರ್ಧ ಅವರ ಭಾಷೆಯಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿ ಹೇಳಿ ಅವನ ಗಂಟಲು ಒಣಗಿತ್ತು. ಮೆಕ್ಕೆಜೋಳದ ಬಿಳಿ ಮುದ್ದೆಯನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಭಾನುವಾರಗಳಂದು ಬಂಡೆಯ ಮೇಲೆ ಬಿದ್ದುಕೊಂಡು ಸುಮ್ಮನೆ ಕೆರೆ ನೋಡುತ್ತಿದ್ದ. ಕಲಿಸುವುದು ಕಲ್ಲು ಒಡೆಯುವುದಕ್ಕಿಂತ ದಣಿವಿನ ಕೆಲಸ. ಕಲ್ಲು ಒಡೆದರೆ ಸಂಜೆಗೆ ಎಷ್ಟು ಒಡೆದೆವು ಅಂತ ಕಣ್ಣಿಗೆ ಕಾಣುತ್ತದೆ.

ಆಗ ನಿರಂಜನ ಸರ್ ಜೀಪಿನಲ್ಲಿ ಬಂದು ಅವನನ್ನು ಬದಿಗೆ ಕರೆದರು.

"ಯಂಕಪ್ಪ, ಒಡೆಯೂದು ಕಲಿಸಿದಿ, ಸಾಕು. ಹದ ಕಲಸಬ್ಯಾಡ. ಮೊನಿ ಮೊಂಡಾದ್ರ ಇವರು ನಮ್ಮ ಅಂಗಳಕ್ಕ ಬರಬೇಕು, ನಮ್ಮ ಕೆಲಸನ ಮಾಡಬೇಕು. ತಿಳೀತಿಲ್ಲೋ? ಮುಂದಿನ ವರ್ಷನೂ ನೀನ ಮಾಸ್ತರ. ಅವರಿಗೆ ಹದ ಬಂತಂದ್ರ ನೀ ಯಾಕ ಬೇಕು?"

"ಹೂಂ ರೀ" ಎಂದ ಯಂಕಪ್ಪ.

ಅವನು ಹೂಂ ಅಂದದ್ದು ಯಾಕೆಂದು ನನಗೆ ಗೊತ್ತು. ಕುಷ್ಟಗಿಗೆ ಹೋದರೆ ಮತ್ತೆ ಒಡ್ಡರ ಹುಡುಗ. ಅವನನ್ನು ಮೇಸ್ಟ್ರೇ ಎಂದು ಕರೆಯುವ ಜಾಗ ಭೂಮಿಯ ಮೇಲೆ ಇದೊಂದೇ ಇತ್ತು.

ಅದೇ ವಾರ ಮಾಮಾ ಕಬೂಲಾ ತನ್ನ ಚಾಣ ಹಿಡಿದು ಕಂಬಳಿಯ ಹೊರಗೆ ನಿಂತಳು. ಅವಳ ಊರು ಅಲ್ಲಿಂದ ಎರಡು ತಾಸಿನ ದಾರಿ. ಮನೆಯ ಹಿಂದೆಯೇ ಆನೆಯಂಥ ಬಂಡೆಯಿದೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅಲ್ಲೇ ಕೂತು ಕಲ್ಲು ಕೆತ್ತುವುದು ಅವಳ ಆಸೆ. ಕಂಪನಿಯ ಅಂಗಳಕ್ಕೆ ಬರುವುದು ಅವಳಿಗೆ ಬೇಕಿರಲಿಲ್ಲ.

"ಮ್ವಾಲಿಮು, ಈ ಚಾಣ ಒಂದು ದಿನಕ್ಕೆ ಮೊಂಡಾಗುತ್ತದೆ. ಎರಡನೆಯ ದಿನ ನಾನೇನು ಮಾಡಲಿ?" ಎಂದಳು. ಅವನು ಇದ್ದಿಲು ಕೆದಕತೊಡಗಿದ. ಅವಳು ಸಿಟ್ಟಾಗಲಿಲ್ಲ, ಸಾವಕಾಶವಾಗಿ ಹೇಳಿದಳು: "ಹನ್ನೊಂದು ತಿಂಗಳು ಕೂಡಿಸಿಕೊಂಡು ನೀನು ನಮಗೆ ಒಂದು ದಿನದ ವಿದ್ಯೆ ಕಲಿಸಿದೆ, ಅಲ್ಲವಾ?"

ಯಂಕಪ್ಪ ನನ್ನನ್ನು ಎತ್ತಿ ಬಂಡೆಗೆ ಬೀಸಿ ಒಗೆದ. ಕನ್ನಡದಲ್ಲಿ ಬಾಯಿಗೆ ಬಂದದ್ದೆಲ್ಲ ಬೈದ. ಅವಳನ್ನಲ್ಲ, ಯಾರನ್ನೋ. ಆಮೇಲೆ ತಾನೇ ಬಂದು ಎತ್ತಿಕೊಂಡು, ಮೊನೆ ಮುರಿಯಿತೇನೋ ಅಂತ ಹೆಬ್ಬೆರಳಿನಿಂದ ಸವರಿ ನೋಡಿದ. ಮೂರು ದಿನ ಎಂದಿನ ಹಾಗೆ ಕಂಬಳಿಯೊಳಗೆ ಒಬ್ಬನೇ ಮೊನೆ ಹಾಕಿದ.

ನಾಲ್ಕನೆಯ ದಿನ ಊರಿಗೆ ಫೋನು ಹಚ್ಚಿದ. ನಾನು ಅವನ ಅಂಗಿಯ ಜೇಬಿನಲ್ಲಿದ್ದೆ.

"ಅಪ್ಪಾ, ಹದ ಹೊರಗಿನವರಿಗೆ ಕೊಟ್ರ ಏನಾಕೈತಿ?"

ಆ ಕಡೆ ಕೆಮ್ಮು. ಭೀಮಣ್ಣನ ಎದೆಯಲ್ಲಿ ನಲವತ್ತು ವರ್ಷದ ಕಲ್ಲಿನ ಧೂಳಿದೆ. "ಬರಿಗೈಲೆ ಮನಿಗೆ ಬರ್ತಿ, ಅಷ್ಟ."

"ನೀ ಏನಂತಿ?"

"ನಾ ಬ್ಯಾಡಂದೇನಿ, ನಿನಗ ಗೊತ್ತೈತಿ. ಮತ್ತ್ಯಾಕ ಕೇಳ್ತಿ? ಕೊಡೂದಿದ್ರ ನನ್ನ ಕೇಳಿ ಕೊಡಬ್ಯಾಡ. ಉಂಡೇನು?"

"ಉಂಡೆ."

ಸುಳ್ಳು. ಉಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕಂಬಳಿಯ ಒಂದು ಮಗ್ಗುಲು ಎತ್ತಿ, "ಮಾಮಾ, ಒಳಗೆ ಬಾ" ಎಂದ. ಹೊರಗಿನಿಂದ ಮಸಾಂಜಾ ಕೂಗಿದ, "ಏಯ್, ಮೇಸ್ಟ್ರು ಹೆಂಡತಿಯನ್ನ ತೋರಿಸ್ತಿದ್ದಾರೆ, ಎಲ್ಲ ಬನ್ರೋ!" ಯಂಕಪ್ಪ ಅವನನ್ನೂ ಕಿವಿ ಹಿಡಿದು ಒಳಗೆ ಎಳೆದ.

ಪಾಠಕ್ಕೆ ನನ್ನನ್ನೇ ತೆಗೆದುಕೊಂಡ. ಯಾಕೆಂದು ಹೇಳಲಿಲ್ಲ. ನನ್ನ ಉಕ್ಕು ಒಳ್ಳೆಯದು, ಬಣ್ಣ ಬಿಡಿಸಿ ತೋರಿಸುತ್ತದೆ, ಅದಕ್ಕಿರಬೇಕು. ಮೊದಲ ಸಲ ಕಬೂಲಾ ಬಣ್ಣ ನೋಡುತ್ತಾ ಮೈಮರೆತಳು, ನೀಲಿ ಬಂದುಬಿಟ್ಟಿತು, ನನ್ನ ಮೊನೆ ಮೇಣದ ಹಾಗೆ ಬಾಗಿತು. ಎರಡನೆಯ ಸಲ ಹೆದರಿ ಬೇಗ ಮುಳುಗಿಸಿದಳು, ಕಲ್ಲಿಗೆ ತಾಗಿಸಿದ ಕೂಡಲೇ ಅರ್ಧ ಬೆರಳು ಹಾರಿಹೋಯಿತು. ಅವನಿಗೆ ಬೆಲ್ಲಕ್ಕೆ ಅವರ ಮಾತಿನಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ. ಮೂರನೆಯ ಸಲ ಬಣ್ಣ ಬಂದ ಗಳಿಗೆಗೆ ಸರಿಯಾಗಿ ಅವಳ ಭುಜ ಹಿಂಡಿದ. "ಓ, ಜೇನು!" ಎಂದಳು ಕಬೂಲಾ. "ಜೇನಿನ ಬಣ್ಣ!" ನಾನು ಚುಂಯ್ ಎಂದು ನೀರಿಗೆ ಮುಳುಗಿದೆ. ಆಮೇಲೆ ಅವಳು ನನ್ನನ್ನು ಬಂಡೆಗಿಟ್ಟು ಹೊಡೆದಳು. ಮೊನೆ ನಿಂತಿತು.

ಎಂಟು ದಿನ ಇಪ್ಪತ್ತು ಜನವೂ ಸರದಿಯ ಮೇಲೆ ಒಳಗೆ ಬಂದರು. ಎಲ್ಲರೂ ಒಮ್ಮೆಯಾದರೂ ನನ್ನನ್ನು ಕೆಡಿಸಿದರು. ಹನ್ನೆರಡು ವರ್ಷದಲ್ಲಿ ಸವೆದಷ್ಟು ಆ ಎಂಟು ದಿನದಲ್ಲಿ ಸವೆದೆ. ಬೇಜಾರಾಯಿತೇ ಎಂದು ಕೇಳಿದರೆ, ಆಯಿತು. ಯಾರಿಗೆ ಆಗುವುದಿಲ್ಲ? ಆದರೆ ಯಂಕಪ್ಪನ ದನಿ ಆ ಎಂಟು ದಿನ ಒಮ್ಮೆಯೂ ಏರಲಿಲ್ಲ. ಅಷ್ಟು ದಣಿದವನ ಬಾಯಲ್ಲಿ ಅಷ್ಟು ಸಮಾಧಾನ ಎಲ್ಲಿಂದ ಬಂತೋ.

ಈಗ ನಾನು ನಾಲ್ಕು ಬೆರಳಿನಷ್ಟಿದ್ದೇನೆ. ಮುಷ್ಟಿಯಲ್ಲಿ ಹಿಡಿದರೆ ಕಾಣುವುದೇ ಇಲ್ಲ. ಕಬೂಲಾಳ ಮನೆಯ ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ನನ್ನನ್ನು ಅಡ್ಡ ಇಡುತ್ತಾರೆ. ಹಿಂದಿನ ಬಂಡೆಯ ಹತ್ತಿರ ತಾಯಿ ಮಕ್ಕಳು ಉದ್ದನೆಯ ಹೊಸ ಚಾಣ ಹಿಡಿದು ಕೂರುತ್ತಾರೆ. ಸದ್ದು ಕೇಳಿದರೆ ಸಾಕು, ಮೊನೆಗೆ ಹದ ಸರಿ ಬಿದ್ದಿದೆಯೋ ಇಲ್ಲವೋ ನನಗೆ ತಿಳಿಯುತ್ತದೆ. ಹೆಚ್ಚಿನ ದಿನ ಸರಿಯಾಗಿಯೇ ಇರುತ್ತದೆ. ಕುಷ್ಟಗಿಯ ಸುದ್ದಿ ಇಲ್ಲಿಗೆ ಬರುವುದಿಲ್ಲ. ಕಲಿಸಿದವನು ಎಲ್ಲಿ ಏನು ಒಡೆಯುತ್ತಿದ್ದಾನೋ ಗೊತ್ತಿಲ್ಲ. ವಿದ್ಯೆ ಕೊಟ್ಟರೆ ಹೆಚ್ಚುತ್ತದೆ ಎನ್ನುತ್ತಾರೆ ಓದಿದವರು. ಅವರದು ಹೆಚ್ಚುತ್ತದೆ. ನಮ್ಮಂಥವರದು ಕೊಟ್ಟರೆ ಹೋಗುತ್ತದೆ. ಹೋಗುತ್ತದೆಂದು ತಿಳಿದೂ ಕೊಟ್ಟವನನ್ನು ನಾನು ನೋಡಿದ್ದೇನೆ, ಅಷ್ಟು ಸಾಕು.

ಅವನನ್ನು ಕೊನೆಯ ಸಲ ನೋಡಿದ್ದು ಒಂಬತ್ತನೆಯ ದಿನ. ನಿರಂಜನ ಸರ್ ಹೇಳದೆ ಕೇಳದೆ ಬಂದರು. ಕುಲುಮೆಯಲ್ಲಿ ಕಬೂಲಾ ಕಾಸುತ್ತಿದ್ದಳು, ಮಸಾಂಜಾ ತಿದಿ ಒತ್ತುತ್ತಿದ್ದ. ಅವರು ಅದನ್ನು ನೋಡಿದರು. ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದರು.

"ಏ ಯಂಕಪ್ಪ! ತಲಿ ಕೆಟ್ಟೈತೇನು ನಿಂಗ? ಕೈಯಾಗಿನ ವರ್ಷ ಒದ್ದಿಯಲ್ಲೋ! ಇನ್ನ ನಿನ್ನ ಯಾರು ಕರೀತಾರ? ಹೇಳು, ಏನು ಸಿಕ್ತು ಇದರಾಗ ನಿಂಗ? ಹೇಳಲೇ!"

ಭಾಷೆ ತಿಳಿಯದಿದ್ದರೂ ಇಪ್ಪತ್ತು ಜನ ಕೆಲಸ ನಿಲ್ಲಿಸಿ ಯಂಕಪ್ಪನ ಮುಖವನ್ನೇ ನೋಡಿದರು. ಅವನು ಕೈಯ ಮಸಿಯನ್ನು ಪ್ಯಾಂಟಿಗೆ ಒರೆಸಿಕೊಂಡ. ನನ್ನನ್ನು ಜೇಬಿನಿಂದ ತೆಗೆದು ಕಬೂಲಾಳ ಅಂಗೈಯಲ್ಲಿಟ್ಟ. ಅವಳ ಬೆರಳುಗಳನ್ನು ತಾನೇ ಮಡಚಿದ. ಆಮೇಲೆ ಸರ್ ಪಕ್ಕದಿಂದಲೇ ಹಾಯ್ದು, ಬಂಡೆಗಳ ನಡುವಿನ ಕಾಲುದಾರಿ ಹಿಡಿದು, ಕೆಳಗೆ ಬಸ್ಸು ನಿಲ್ಲುವ ರಸ್ತೆಯ ಕಡೆ ನಡೆದ.