ನಾಡಿದ್ದಿಗೆ ತಳ್ಳಿದ ಹಲ್ಲು

ದವಡೆಹಲ್ಲಿನ ನೋವಿಗೆ ನಾನು ಕೂಗಿದ ಕೂಗು ಕೇಳಿ ಮೂರು ಬೀದಿಯ ನಾಯಿಗಳು ಊರು ಬಿಟ್ಟವು. ಕೆನ್ನೆ ಎಷ್ಟು ಊದಿತ್ತೆಂದರೆ ಬಾಗಿಲಲ್ಲಿ ಅಡ್ಡ ತಿರುಗಿಯೇ ಒಳಗೆ ಬರಬೇಕಾಗಿತ್ತು. ಆದರೂ ಹಲ್ಲು ಕೀಳಿಸಿಕೊಂಡು ಬರೋಣವೆಂದು ಮೊಮ್ಮಗಳು ಚಪ್ಪಲಿ ಮೆಟ್ಟಿದಾಗಲೆಲ್ಲ ನನ್ನದು ಒಂದೇ ಉತ್ತರ.

"ನಾಡಿದ್ದು ಹೋಗೋಣ ಕಣೇ."

ಅವಳು ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಕೊನೆಗೊಂದು ದಿನ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಜ್ಜಿ, ನಿನ್ನಂಥವರಿಗೇ ಅಂತ ಇಂಗ್ಲಿಷಲ್ಲಿ ಒಂದು ಪದ ಇದೆ. ಪೆರೆಂಡಿನೇಟ್. ಯಾರೂ ಬಳಸಲ್ಲ, ಡಿಕ್ಷನರಿ ಮೂಲೇಲಿ ಧೂಳು ತಿಂತಾ ಬಿದ್ದಿದೆ."

"ಬೈಗುಳವೇನೇ?"

"ಕೆಲಸಾನ ನಾಡಿದ್ದಿಗೆ ತಳ್ಳೋದು ಅಂತ. ಲ್ಯಾಟಿನ್ ಅಂತ ಹಳೇ ಭಾಷೆ, ಅದರಲ್ಲಿ ಪೆರೆಂಡಿಯೆ ಅಂದ್ರೆ ನಾಡಿದ್ದು. ನಾಳೆಗೆ ಕ್ರಾಸ್ ಅಂತಿದ್ರು. ನಾಳೆಗೆ ತಳ್ಳೋದಕ್ಕೆ ಪ್ರೊಕ್ರಾಸ್ಟಿನೇಟ್ ಅಂತ ಬೇರೆ ಪದ. ಸಾಧಾರಣ ಸೋಮಾರಿಗಳಿಗೆ ಅದು ಸಾಕು. ನೀನು ಅವರಿಗೆಲ್ಲ ಅಜ್ಜಿ."

ಆ ಹಳೇ ಭಾಷೆಯವರಿಗೂ ಹಲ್ಲು ಕೀಳುವವನ ಭಯ ಇದ್ದಿರಬೇಕೆಂದು ಸಮಾಧಾನವಾಯಿತು. ನನ್ನ ಕೆನ್ನೆ ಊದಿತ್ತೇ ಹೊರತು ನಾಲಿಗೆ ಊದಿರಲಿಲ್ಲ.

"ಹಲ್ಲಿನ ಡಾಕ್ಟರು ಮದುವೆ ಆಗ್ತೀಯಾ ಅಂತ ಕೇಳಿದ್ದಕ್ಕೆ ನೀನೇನೇ ಅಂದಿದ್ದು?"

ಅವಳ ಮುಖ ನನ್ನ ಕೆನ್ನೆಗಿಂತ ಕೆಂಪಾಯಿತು. "ನಾಡಿದ್ದು ಹೇಳ್ತೀನಿ ಅಂದೆ."

"ಯಾವಾಗ?"

"ಶಾಲೆಗೆ ರಜಾ ಬಿಟ್ಟಾಗ."

"ರಜಾ ಮುಗಿದು ಪರೀಕ್ಷೆನೂ ಬಂತಲ್ಲೇ ತಾಯಿ! ಹುಡುಗ ಇಷ್ಟ ಇಲ್ವಾ?"

"ಇಷ್ಟಾನೇ. ಹ್ಞೂಂ ಅಂದ್ಮೇಲೆ ವಾಪಸ್ ತಗೊಳ್ಳೋಕಾಗಲ್ವಲ್ಲ, ಅದಕ್ಕೇ ಭಯ."

"ಕಿತ್ತ ಹಲ್ಲೂ ವಾಪಸ್ ಕೂರಲ್ಲ. ನಡಿ. ನೀನು ಬಾಯಿ ಬಿಟ್ರೆ ನಾನೂ ಬಿಡ್ತೀನಿ."

ಡಾಕ್ಟರು ಪೆಡಲ್ ಒತ್ತಿದಂತೆ ಕುರ್ಚಿ ನನ್ನನ್ನು ಮಲಗಿಸಿಕೊಂಡು ಮೇಲೇರಿತು. ಇನ್ನೊಂದು ಗೇಣು ಏರಿದ್ದರೆ ಸ್ವರ್ಗದಲ್ಲಿರುವ ನಮ್ಮ ಯಜಮಾನರನ್ನು ಮಾತಾಡಿಸಿಕೊಂಡೇ ಬರುತ್ತಿದ್ದೆ. ಡಾಕ್ಟರು ಇಕ್ಕಳ ಕೈಗೆತ್ತಿಕೊಂಡರು. ನಾನು ತುಟಿ ಬಿಗಿದೆ.

"ಬಾಯಿ ತೆಗೀರಿ ಅಜ್ಜಿ."

"ಮೊದಲು ಅವಳು."

ಮೊಮ್ಮಗಳು ನೆಲ ನೋಡುತ್ತ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು. "ಅವತ್ತು ಕೇಳಿದ್ರಲ್ಲ, ಅದಕ್ಕೆ... ಹ್ಞೂಂ."

ಕೊಟ್ಟ ಮಾತಿಗೆ ತಪ್ಪಬಾರದೆಂದು ನಾನು ಕಣ್ಣು ಮುಚ್ಚಿ, ಬಸ್ಸು ನುಗ್ಗುವಷ್ಟು ಅಗಲ ಬಾಯಿ ತೆರೆದೆ. ಕಾದೆ. ಏನೂ ಆಗಲಿಲ್ಲ. ಟಣಟಣ ಸದ್ದು ಕೇಳಿ ಕಣ್ಣು ಬಿಟ್ಟರೆ, ಡಾಕ್ಟರ ಕೈಯಲ್ಲಿದ್ದ ಇಕ್ಕಳ ನಡುಗುತ್ತ ಪಕ್ಕದ ಸ್ಟೀಲ್ ತಟ್ಟೆಗೆ ಬಡಿಯುತ್ತಿತ್ತು.

"ಅಜ್ಜಿ, ಕೈ ನಿಲ್ತಾನೇ ಇಲ್ಲ," ಅಂದರು ಮುಖ ತುಂಬ ನಗುತ್ತ. "ಊತಕ್ಕೆ ಮಾತ್ರೆ ಕೊಡ್ತೀನಿ. ನಾಡಿದ್ದು ಬನ್ನಿ."