ಧೂಳೆಬ್ಬಿಸಿದ ಅಳಿಯ

ಗ್ರಂಥಾಲಯದ ತಾರಸಿಯ ಮೇಲೆ ಗಾಳಿಯಲ್ಲಿನ ಧೂಳು ಅಳೆಯುವ ಯಂತ್ರವೊಂದಿತ್ತು. ಅದು ಅಳೆದದ್ದು ನಾಲ್ಕು ರಸ್ತೆ ಕೂಡುವಲ್ಲಿನ ದೊಡ್ಡ ಫಲಕದಲ್ಲಿ ಬಣ್ಣಬಣ್ಣದ ಅಂಕಿಯಾಗಿ ಮೂಡುತ್ತಿತ್ತು. ಯಂತ್ರವನ್ನು ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ, ಜೋಡಿಸುವುದು ಅಳಿಯನ ಕೆಲಸ. ಬಾಲ್ಕನಿಯಲ್ಲಿ ಕೂತು ಫಲಕ ನೋಡುವುದು ಅತ್ತೆಯ ಕೆಲಸ. ಮಗಳ ಮನೆಗೆ ಬಂದ ಮೇಲೆ ಅವರು ಗಡಿಯಾರಕ್ಕಿಂತ ಅದನ್ನೇ ಹೆಚ್ಚು ನಂಬುತ್ತಿದ್ದರು.

ಯಂತ್ರಕ್ಕೆ ಕೈ ಹಾಕುವ ಮೊದಲು ಒಂದು ಗುಂಡಿ ಒತ್ತಬೇಕು. ಒತ್ತಿದರೆ ಅಂಕಿ ಫಲಕಕ್ಕೆ ಹೋಗುವುದಿಲ್ಲ. ಒಂದು ದಿನ ಅಳಿಯ ಯಾವುದೋ ಹಾಡು ಗುನುಗುತ್ತಾ ಅದನ್ನು ಮರೆತ. ಗಾಳಿ ಎಳೆದುಕೊಳ್ಳುವ ಕೊಳವೆಯ ತಲೆ ಬಿಚ್ಚಿ, ಬ್ರಷ್ಷಿನಿಂದ ಗಸಗಸ ಉಜ್ಜಿದ. ತಿಂಗಳ ಧೂಳೆಲ್ಲ ನೇರ ಕೊಳವೆಯೊಳಗೆ ಇಳಿಯಿತು.

ಆಫೀಸಿನಿಂದ ಗೆಳೆಯನ ಫೋನು ಬಂತು. "ಏನಯ್ಯಾ, ಊರಿಗೆ ಬೆಂಕಿ ಬಿತ್ತಾ? ಅಂಕಿ ಆಕಾಶಕ್ಕೇರಿದೆ!"

ಅಳಿಯ ಬಗ್ಗಿ ನೋಡಿದ. ಫಲಕ ಕೆಂಪಗೆ ಉರಿಯುತ್ತಿತ್ತು. ಸೈಕಲ್ಲಿನವನೊಬ್ಬ ಅಂಗಿಯ ಕಾಲರನ್ನು ಮೂಗಿಗೆ ಏರಿಸಿಕೊಂಡು ಓಡುತ್ತಿದ್ದ. ಅಳಿಯ ಗುಂಡಿ ಒತ್ತಿದನೇನೋ ಸರಿ, ಆದರೆ ಆಗುವುದೆಲ್ಲ ಆಗಿಹೋಗಿತ್ತು.

ಮನೆಗೆ ಬಂದರೆ ಬಾಗಿಲ ಸಂದಿಗೆ ಒದ್ದೆ ಟವೆಲ್ಲು. ಅತ್ತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲು ತೆರೆದರು.

"ಬೇಗ ಒಳಗೆ ಬನ್ನಿ! ಎಂಥ ಕೆಟ್ಟ ಗಾಳಿ ಗೊತ್ತಾ? ಬಿಲ್ಡಿಂಗಿನವರಿಗೆಲ್ಲ ಫೋನ್ ಮಾಡಿ ಕಿಟಕಿ ಹಾಕಿಸಿದೀನಿ."

ಒಳಗೆ ಸೆಕೆಗೆ ಹೆಂಡತಿಯ ಮುಖ ಕೆಂಪಾಗಿತ್ತು. ಅಳಿಯನಿಗೆ ಸುಮ್ಮನಿರಲಾಗಲಿಲ್ಲ.

"ಅತ್ತೆ, ಗಾಳಿ ಚೆನ್ನಾಗೇ ಇದೆ. ಅದು... ನನ್ನ ಬ್ರಷ್ಷು."

ಅತ್ತೆ ನಿಧಾನವಾಗಿ ಬಟ್ಟೆ ಬಿಚ್ಚಿದರು. "ಅಂದ್ರೆ, ಕೆಳಗಿನ ಮನೆ ತಾತನ್ನ ನಾನು ವಾಕಿಂಗಿಂದ ವಾಪಸ್ ಕರೆಸಿದ್ದು ನಿಮ್ಮ ಬ್ರಷ್ಷಿಗೆ ಹೆದರಿ?"

"ಹೂಂ."

"ಒಂದಿನ ಊರಲ್ಲೆಲ್ಲ ಧೂಳೆಬ್ಬಿಸ್ತೀನಿ ಅಂತ ಮದುವೆಗೆ ಮುಂಚೆ ಹೇಳಿದ್ರಿ. ನಾನೇ ನಂಬಿರಲಿಲ್ಲ ನೋಡಿ."

ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಳು. ಭುಜ ಮಾತ್ರ ಕುಲುಕುತ್ತಿತ್ತು. ಮಾರನೆಯ ದಿನದಿಂದ ಮೆಟ್ಟಿಲಲ್ಲಿ ಎದುರಾದವರೆಲ್ಲ ಅಳಿಯನನ್ನು ಕೇಳತೊಡಗಿದರು: "ಇವತ್ತು ಬ್ರಷ್ ಇದೆಯಾ, ಕಿಟಕಿ ತೆಗೀಬಹುದಾ?"

ಮುಂದಿನ ತಿಂಗಳು ಅತ್ತೆ ತಾವೂ ಬರುತ್ತೇನೆಂದು ಹೊರಟೇಬಿಟ್ಟರು. ತಾರಸಿ ಹತ್ತಿ, ಏದುಸಿರು ಇಳಿಯುವ ಮೊದಲೇ ಕೇಳಿದರು, "ಗುಂಡಿ?"

"ಒತ್ತಿದೆ."

"ಎಲ್ಲಿ, ತೋರಿಸಿ." ಕನ್ನಡಕ ಏರಿಸಿ ನೋಡಿಯೇ ಸುಮ್ಮನಾದರು.

ಅಳಿಯ ಬಿಚ್ಚಿದ ತಿರುಪುಗಳನ್ನು ಅವರು ಅಂಗೈಯಲ್ಲಿ ಹಿಡಿದುಕೊಂಡರು. ಒರೆಸಿದ ಬಟ್ಟೆ ಕಪ್ಪಾಗಿದ್ದನ್ನು ಕಂಡು ಅವರ ದನಿ ತಗ್ಗಿತು. "ಇದೆಲ್ಲ ನಾವು ಉಸಿರಾಡಿದ್ದಾ?"

"ಇಂಥದ್ದೇ, ಅತ್ತೆ."

ಅಳಿಯ ಕೊಳವೆಯ ಬಾಯಿಗೆ ಫಿಲ್ಟರ್ ಸಿಕ್ಕಿಸಿದ. ಧೂಳೇ ಇಲ್ಲದ ಗಾಳಿ ಹೋದಾಗ ಯಂತ್ರ ಸೊನ್ನೆ ತೋರಿಸುತ್ತದೋ ಇಲ್ಲವೋ ಎಂಬ ಪರೀಕ್ಷೆ ಅದು. ಅಂಕಿ ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂದು ನಿಂತಿತು.

"ಹಾಗೇ ಬಿಡಿ, ಫಲಕಕ್ಕೂ ಕಳಿಸಿ. ಜನಕ್ಕೆ ಖುಷಿಯಾಗುತ್ತೆ."

"ಸುಳ್ಳಾಗುತ್ತೆ ಅತ್ತೆ."

"ಹೋದ ಸಲದ್ದು ಬಹಳ ನಿಜ ಇತ್ತು ಪಾಪ!"

ಅಳಿಯ ನಗುತ್ತಾ ಫಿಲ್ಟರ್ ತೆಗೆದು, ಕೊಳವೆಯ ತಲೆ ಕೂರಿಸಿ, ಕೈ ಚಾಚಿದ. ಅತ್ತೆ ಒಂದೊಂದೇ ತಿರುಪು ಕೊಟ್ಟರು. ಕೊನೆಯದನ್ನು ಮಾತ್ರ ಮುಷ್ಟಿಯಲ್ಲಿ ಮುಚ್ಚಿಕೊಂಡರು.

"ಮುಂದಿನ ತಿಂಗಳೂ ಕರ್ಕೊಂಡು ಬರ್ತೀನಿ ಅನ್ನಿ, ಕೊಡ್ತೀನಿ."