ಅರ್ಧ ಗುಳಿಗೆ

ಡಾಕ್ಟರು ತೋಳಿಗೆ ಸುತ್ತಿದ್ದ ಪಟ್ಟಿಯ ಗಾಳಿ ಬಿಟ್ಟು, ಮತ್ತೊಮ್ಮೆ ತುಂಬಿ, ಮತ್ತೆ ಬಿಟ್ಟರು. ಗೂಳಪ್ಪನನ್ನು ಬಿಟ್ಟು ಅವನ ಹೆಂಡತಿ ಮಾದೇವಿಯ ಕಡೆ ತಿರುಗಿದರು.

"ಬಿ.ಪಿ. ಇನ್ನೂರರ ಮ್ಯಾಲೆ ಐತಿ. ಉಪ್ಪು ಹಾಕಬ್ಯಾಡ ಅಂದಿದ್ನಲ್ಲವಾ?"

"ಯುಗಾದಿಯಿಂದ ಉಪ್ಪಿನ ಡಬ್ಬಿ ಮುಟ್ಟಿಲ್ರಿ. ನಾನೂ ಸಪ್ಪನ್ನ ಉಣ್ಣಾಕತ್ತೇನ್ರಿ."

"ಗುಳಿಗಿ?"

"ದಿನಾ ಬುತ್ತಿ ಜೋಡಿ ಕಟ್ಟಿ ಕೊಡ್ತೇನ್ರಿ."

ಡಾಕ್ಟರು ನಂಬಲಿಲ್ಲ. ಹೀಗೇ ಇದ್ದರೆ ಲಕ್ವಾ ಹೊಡೆಯುತ್ತದೆ ಎಂದು ಹೇಳಿ ಮುಂದಿನವರನ್ನು ಕರೆದರು. ಅಣ್ಣಿಗೇರಿಯ ಪೇಟೆಯಲ್ಲಿ ಮೂವತ್ತು ವರ್ಷ ಚೀಲ ಹೊತ್ತ ಗಂಡನ ಹಿಂದೆ ನಡೆಯುತ್ತ ಮಾದೇವಿ, ಹಳೆಯ ಹುಣಸೆಹಣ್ಣಿಗೆ ಬೆರೆಸಿಟ್ಟ ಉಪ್ಪು ಸಾರಿಗೆ ಇಳಿಯಿತೇನೋ ಎಂದು ತನ್ನನ್ನೇ ಬೈದುಕೊಂಡಳು.

ಮರುದಿನ ಗೂಳಪ್ಪ ಬುತ್ತಿ ಮರೆತು ಹೋದ. ಮಾದೇವಿಯೇ ಒಯ್ದಳು. ಕಡಲೆ ಚೀಲಗಳ ನೆರಳಿನಲ್ಲಿ ಆರು ಜನ ಹಮಾಲರು ಕೂತಿದ್ದರು.

"ಬಂತ ನೋಡ್ರಪಾ ಸಪ್ಪನ ಬುತ್ತಿ. ಇವತ್ತರ ಬೆಕ್ಕು ತಿಂತಾವೇನ ನೋಡೂಣು," ಎಂದ ಬಾಷಾಸಾಬ, ಗೂಳಪ್ಪನ ಜೋಡಿ ಹಮಾಲ.

ಪೇಟೆಯ ರೂಢಿಯಂತೆ ಎಲ್ಲರ ಬುತ್ತಿಯೂ ಒಂದೇ ಅರಿವೆಯ ಮೇಲೆ ಬಿಚ್ಚಿಕೊಂಡವು. ತನ್ನದನ್ನಷ್ಟೇ ತಿನ್ನುವವನನ್ನು ಯಾರೂ ಚೀಲಕ್ಕೆ ಜೋಡಿಯಾಗಿ ಕರೆಯುತ್ತಿರಲಿಲ್ಲ. ಮಾದೇವಿಯ ಪಲ್ಯ ಆರು ಪಾಲಾಯಿತು. ಗೂಳಪ್ಪ ಬೇರೆಯವರ ಉಪ್ಪು ಖಾರದ ಕೆಂಪು ಹಿಂಡಿ, ಉಪ್ಪಿನಕಾಯಿ ರೊಟ್ಟಿಗೆ ಒತ್ತಿಕೊಂಡು ತಿಂದ. ಊಟ ಮುಗಿದ ಮೇಲೆ ಅವನು ಗುಳಿಗೆಯನ್ನು ಹಲ್ಲಿನಲ್ಲಿ ಕಡಿದು, ಅರ್ಧ ಚೂರನ್ನು ಬಾಷಾಸಾಬನ ಅಂಗೈಗೆ ಹಾಕಿದ.

"ಇದೇನ್ರಿ?"

"ಅವಂಗೂ ಇದ ಬ್ಯಾನಿ. ದವಾಖಾನಿಗೆ ನಡೀ ಅಂದ್ರ ಬರೂದಿಲ್ಲ."

"ಹೋದ್ರ ಚೀಲಾ ಹೊರಬ್ಯಾಡ ಅಂತಾರ, ವೈನಿ," ಎಂದ ಬಾಷಾಸಾಬ. "ಅರ್ಧಾ ನುಂಗಿದ್ರ ತಲಿ ಹಗರ ಆಕ್ಕೈತಿ. ನನಗಷ್ಟ ಸಾಕು."

"ಇಬ್ರಿಗೂ ಸಾಲೂದಿಲ್ಲಣ್ಣಾ ಅದು."

"ಒಂದ ಚೀಲದ ಎರಡ ಮೂಲಿ ಹಿಡಿಯವರು ನಾವು," ಎಂದ ಗೂಳಪ್ಪ. "ಅಂವಾ ಬಾಜುಕ ಕುಂತಾಗ ನಾ ಒಬ್ನ ಹೆಂಗ ನುಂಗಲಿ?"

ಮರುದಿನದಿಂದ ಮಾದೇವಿ ಗುಳಿಗೆ ಕಟ್ಟಿಕೊಡಲಿಲ್ಲ. ಬೆಳಿಗ್ಗೆ ಗಂಡ ಹೊಸಲು ದಾಟುವ ಮೊದಲೇ ನೀರು ಹಿಡಿದು ನಿಂತು, ತನ್ನ ಕಣ್ಣ ಮುಂದೆಯೇ ನುಂಗಿಸಿದಳು. ಪೇಟೆಯಲ್ಲಿ ಬಾಷಾಸಾಬ ಎರಡು ದಿನ ಕೈ ಚಾಚಿದನಂತೆ, ಮೂರನೆಯ ದಿನ ಚಾಚಲಿಲ್ಲವಂತೆ. ಗೂಳಪ್ಪ ಇಷ್ಟನ್ನು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಹನ್ನೆರಡನೆಯ ದಿನ ಬಾಷಾಸಾಬ ಚೀಲದ ಸಮೇತ ಕುಸಿದ. ಬಲಗೈ, ಬಲಗಾಲು ಹೋದವು. ಮಾದೇವಿ ದವಾಖಾನೆಗೆ ನೋಡಲು ಹೋದಾಗ ಅವನು ವಾರೆಯಾದ ಬಾಯಲ್ಲಿ ನಗಲು ನೋಡಿದ. ವೈನಿ ಎಂದನೋ ಏನೋ, ಅವಳಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ನೀರು ಹಿಡಿದು ನಿಂತಳು. ಗೂಳಪ್ಪ ಗುಳಿಗೆಯನ್ನು ಹಲ್ಲಿನಲ್ಲಿ ಕಡಿದು, ಅರ್ಧ ನುಂಗಿ, ಉಳಿದ ಚೂರನ್ನು ಗೋಡೆಯ ಗೂಡಿನಂಥ ಮಾಡದಲ್ಲಿ ಇಟ್ಟ.

"ಪೂರಾ ನುಂಗ್ರಿ," ಎಂದಳು. ಅವನು ಅರಿವೆ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ದೀಪಾವಳಿಗೆ ಸುಣ್ಣ ಬಳಿಯುವಾಗ ಮಾಡದ ತುಂಬ ಬಿಳಿ ಚೂರುಗಳಿದ್ದವು. ಮಾದೇವಿ ಮಾಡದ ಅಂಚಿನವರೆಗೆ ಬಳಿದು, ಒಳಗೆ ಕುಂಚ ಹಾಕದೆ ಬಿಟ್ಟಳು.